ಕರ್ನಾಟಕದ ತೆರಿಗೆ, ಬಜೆಟ್ ಮತ್ತು ಅಂಗಡಿ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಅಂಗಡಿ ನಡೆಸುವವರು, ಸಂಬಳದವರು, ಸೈಟು ಕೊಳ್ಳಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಬಜೆಟ್ ಅಂಕಿಗಳೆಲ್ಲ 2025-26ರವು. ತೆರಿಗೆ ದರಗಳು ಅಧಿಸೂಚನೆಯೊಂದರಿಂದ ಬದಲಾಗುತ್ತವೆ, ಆದ್ದರಿಂದ ಹಣ ಕಟ್ಟುವ ದಿನದ ದರವನ್ನು ಆಯಾ ಇಲಾಖೆಯ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

## ಮೊದಲ ಪಾಠ

ನಾನು ಇನ್‌ಕಮ್ ಟ್ಯಾಕ್ಸ್ ಕಟ್ಟೋದೇ ಇಲ್ಲ. ರಾಜ್ಯ ಸರ್ಕಾರಕ್ಕೆ ನನ್ನಿಂದ ಏನು ಹೋಗುತ್ತೆ?

ದಿನಾ ಹೋಗುತ್ತದೆ. ಸಿಮೆಂಟ್ ಚೀಲಕ್ಕೆ 18% ಜಿಎಸ್‌ಟಿ ಇದೆ. ಅದರಲ್ಲಿ 9% ಕೇಂದ್ರಕ್ಕೆ, 9% ರಾಜ್ಯಕ್ಕೆ. ಸರಕು ಹೊರರಾಜ್ಯದಿಂದ ಬಂದರೆ ಬಿಲ್ಲಿನಲ್ಲಿ ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ಜಿಎಸ್‌ಟಿ) ಎಂದು ಒಂದೇ ಸಾಲು ಕಾಣುತ್ತದೆ, ಆದರೂ ರಾಜ್ಯದ ಪಾಲು ಸರಕು ಬಳಕೆಯಾಗುವ ರಾಜ್ಯಕ್ಕೇ ಬರುತ್ತದೆ. ಅಂದರೆ ಮುಂಬೈಯಿಂದ ತರಿಸಿಕೊಂಡ ಮಿಕ್ಸಿಯ ತೆರಿಗೆಯಲ್ಲೂ ಕರ್ನಾಟಕಕ್ಕೆ ಪಾಲಿದೆ. ಪೆಟ್ರೋಲ್, ಡೀಸೆಲ್ ಮೇಲಿನ ಮಾರಾಟ ತೆರಿಗೆ, ಕರೆಂಟ್ ಬಿಲ್ಲಿನಲ್ಲಿರುವ 9% ವಿದ್ಯುತ್ ಬಳಕೆ ತೆರಿಗೆ, ಗಾಡಿಯ ಜೀವಿತಾವಧಿ ತೆರಿಗೆ, ಮುದ್ರಾಂಕ ಶುಲ್ಕ, ಮದ್ಯದ ಅಬಕಾರಿ ಸುಂಕ ಇವೆಲ್ಲ ರಾಜ್ಯದ್ದು.

ಬಜೆಟ್‌ನಲ್ಲಿ ಜಿಎಸ್‌ಟಿ ಯಾಕೆ ಇಳಿಸಲ್ಲ?

ಇಳಿಸುವ ಅಧಿಕಾರ ರಾಜ್ಯ ಬಜೆಟ್‌ಗೆ ಇಲ್ಲ. ದರ ನಿರ್ಧಾರವಾಗುವುದು ಜಿಎಸ್‌ಟಿ ಮಂಡಳಿಯಲ್ಲಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗ ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡು ಭಾಗ. ತೀರ್ಮಾನಕ್ಕೆ ಮುಕ್ಕಾಲು ಪಾಲು ಬೇಕು, ಹಾಗಾಗಿ ಕೇಂದ್ರ ಒಪ್ಪದೆ ಏನೂ ಆಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 12% ಮತ್ತು 28%ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು 5% ಮತ್ತು 18%ಕ್ಕೆ ಬಂದದ್ದು ಮಂಡಳಿಯ ತೀರ್ಮಾನದಿಂದ.

ರಾಜ್ಯದ ಕೈಯಲ್ಲಿ ನಿಜವಾಗಿ ಉಳಿದಿರುವುದು ಇಂಧನದ ಮಾರಾಟ ತೆರಿಗೆ, ಅಬಕಾರಿ, ಮುದ್ರಾಂಕ ಮತ್ತು ನೋಂದಣಿ, ಮೋಟಾರು ವಾಹನ ತೆರಿಗೆ, ವೃತ್ತಿ ತೆರಿಗೆ, ವಿದ್ಯುತ್ ಬಳಕೆ ತೆರಿಗೆ. ಸರ್ಕಾರಕ್ಕೆ ಹಣ ಬೇಕಾದಾಗ ಏರುವುದು ಇವೇ. ಬಜೆಟ್ ಭಾಷಣದಲ್ಲಿ ಜಿಎಸ್‌ಟಿ ಹುಡುಕುವ ಬದಲು ಈ ಆರರ ಮೇಲೆ ಕಣ್ಣಿಡಿ.

4 ಲಕ್ಷ ಕೋಟಿ ಬಜೆಟ್ ಅಂತಾರಲ್ಲ, ಆ ದುಡ್ಡು ಎಲ್ಲಿಂದ?

2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜ್ಯದ ಸ್ವಂತ ತೆರಿಗೆಯ ಅಂದಾಜು 2,08,100 ಕೋಟಿ: ವಾಣಿಜ್ಯ ತೆರಿಗೆ (ಜಿಎಸ್‌ಟಿ, ಇಂಧನದ ಮಾರಾಟ ತೆರಿಗೆಯಂಥವು) 1,20,000 ಕೋಟಿ, ಅಬಕಾರಿ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿ 28,000 ಕೋಟಿ, ವಾಹನ ತೆರಿಗೆ 15,000 ಕೋಟಿ, ಉಳಿದದ್ದು ಚಿಲ್ಲರೆ ಬಾಬತ್ತು. ಕೇಂದ್ರ ತೆರಿಗೆಗಳ ಪಾಲಾಗಿ 51,877 ಕೋಟಿ, ಕೇಂದ್ರದ ಅನುದಾನವಾಗಿ 16,000 ಕೋಟಿ, ತೆರಿಗೆಯೇತರ ಆದಾಯವಾಗಿ 16,500 ಕೋಟಿ. ಮಿಕ್ಕದ್ದು ಹೆಚ್ಚುಕಡಿಮೆ ಸಾಲ, ಅದು 1,16,000 ಕೋಟಿ. ಬಜೆಟ್ ಗಾತ್ರ ದೊಡ್ಡದಾಯಿತು ಎಂದು ಹೇಳುವಾಗ ಈ ಕೊನೆಯ ಅಂಕಿಯನ್ನು ಯಾರೂ ಜೊತೆಗೆ ಹೇಳುವುದಿಲ್ಲ.

ಬಜೆಟ್‌ನಲ್ಲಿ ಸಬ್ಸಿಡಿ ಘೋಷಿಸಿದ್ದಾರೆ. ನಾಳೆನೇ ಅರ್ಜಿ ಹಾಕಬಹುದಾ?

ಇಲ್ಲ. ಭಾಷಣದಲ್ಲಿ ಬರುವುದು ಉದ್ದೇಶ ಮಾತ್ರ. ಅದಾದ ಮೇಲೆ ವಿಧಾನಮಂಡಲದಲ್ಲಿ ಖರ್ಚಿಗೆ ಒಪ್ಪಿಗೆ ಕೊಡುವ ಧನವಿನಿಯೋಗ ವಿಧೇಯಕ ಪಾಸಾಗಬೇಕು, ಇಲಾಖೆ ಸರ್ಕಾರಿ ಆದೇಶ ಹೊರಡಿಸಬೇಕು, ಮಾರ್ಗಸೂಚಿ ಬರಬೇಕು. ಆಮೇಲೆ ಅರ್ಜಿ. ಆದೇಶದ ಸಂಖ್ಯೆ, ದಿನಾಂಕ ಹೇಳಲಾಗದವರು ‘ಅರ್ಜಿ ಹಾಕಿಸಿಕೊಡ್ತೀನಿ’ ಎಂದು ಹಣ ಕೇಳಿದರೆ ಕೊಡಬೇಡಿ. ಹಂಚಿಕೆಯಾದ ಹಣ, ಬಿಡುಗಡೆಯಾದ ಹಣ, ಖರ್ಚಾದ ಹಣ ಮೂರೂ ಬೇರೆ ಬೇರೆ. ಅರ್ಜಿ ಮಂಜೂರಾಗಿಯೂ ಹಣ ಬಾರದಿದ್ದರೆ ಕಚೇರಿಯಲ್ಲಿ ಕೇಳಬೇಕಾದದ್ದು ‘ಬಿಡುಗಡೆ ಆಗಿದೆಯಾ’ ಎಂದು.

## ಸಂಬಳ, ಸೈಟು, ಮನೆ

ಸಂಬಳದಲ್ಲಿ ಪ್ರತಿ ತಿಂಗಳು 200 ರೂಪಾಯಿ ಹಿಡೀತಾರೆ, ಫೆಬ್ರವರಿಯಲ್ಲಿ ಮಾತ್ರ 300. ಕಂಪನಿಯವರು ತಪ್ಪು ಮಾಡಿದ್ದಾರಾ?

ತಪ್ಪಲ್ಲ, ಅದು ವೃತ್ತಿ ತೆರಿಗೆ. ತಿಂಗಳ ಸಂಬಳ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ 11 ತಿಂಗಳು 200, ಫೆಬ್ರವರಿಯಲ್ಲಿ 300. ವರ್ಷಕ್ಕೆ 2,500 ಆಗುತ್ತದೆ. ಸಂವಿಧಾನದ 276ನೇ ವಿಧಿ ಹಾಕಿರುವ ಗರಿಷ್ಠ ಮಿತಿಯೂ ಅಷ್ಟೇ. ಮೊದಲು 2,400ಕ್ಕೆ ನಿಲ್ಲುತ್ತಿತ್ತು, 2025ರ ಏಪ್ರಿಲ್‌ನಿಂದ ಆ ನೂರನ್ನೂ ಸೇರಿಸಿದರು. 60 ವರ್ಷ ದಾಟಿದವರಿಗೆ ವಿನಾಯಿತಿ ಇದೆ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ಈ ಮೊತ್ತವನ್ನು ಸಂಬಳದಿಂದ ಕಳೆಯಬಹುದು, ಹೊಸ ಪದ್ಧತಿಯಲ್ಲಿ ಆಗುವುದಿಲ್ಲ.

ಮಾಲೀಕರಿಗೆ ಇದರಲ್ಲಿ ಎರಡು ಕೆಲಸ. ಅಂಗಡಿಯ ಹೆಸರಿನಲ್ಲಿ ತಮ್ಮದೇ ವೃತ್ತಿ ತೆರಿಗೆಯನ್ನು ವರ್ಷಕ್ಕೊಮ್ಮೆ ಏಪ್ರಿಲ್ 30ರೊಳಗೆ ಕಟ್ಟಬೇಕು. ಮಿತಿ ಮೀರಿದ ಸಂಬಳದ ನೌಕರರಿದ್ದರೆ ಬೇರೆ ನೋಂದಣಿ ಪಡೆದು, ಹಿಡಿದ ಹಣವನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಒಂದನ್ನು ಮಾಡಿ ಇನ್ನೊಂದನ್ನು ಮರೆಯುವವರೇ ಹೆಚ್ಚು.

50 ಲಕ್ಷದ ಸೈಟಿಗೆ ರಿಜಿಸ್ಟ್ರೇಷನ್ ಖರ್ಚು ಒಟ್ಟು ಎಷ್ಟು?

ನಗರ ವ್ಯಾಪ್ತಿಯಲ್ಲಿ 3,80,000 ರೂಪಾಯಿ. ಮುದ್ರಾಂಕ ಶುಲ್ಕ 5% ಅಂದರೆ 2,50,000. ಆ ಶುಲ್ಕದ ಮೇಲೆ 10% ಸೆಸ್, 25,000. ಮತ್ತೆ ಆ ಶುಲ್ಕದ ಮೇಲೆಯೇ 2% ಸರ್‌ಚಾರ್ಜ್, 5,000. ನೋಂದಣಿ ಶುಲ್ಕ 2%, 1,00,000. ಗ್ರಾಮಾಂತರದಲ್ಲಿ ಸರ್‌ಚಾರ್ಜ್ 3% ಆದ್ದರಿಂದ 2,500 ಹೆಚ್ಚು. ನೋಂದಣಿ ಶುಲ್ಕ 2025ರ ಆಗಸ್ಟ್ 31ಕ್ಕೆ ಮೊದಲು 1% ಇತ್ತು. ಹಳೆಯ ಲೆಕ್ಕ ಇಟ್ಟುಕೊಂಡು ಬಂದವರಿಗೆ ಈ ಬೆಲೆಯ ಸೈಟಿಗೆ ಕೈಯಲ್ಲಿರುವ ಹಣ 50,000 ಕಡಿಮೆ ಬೀಳುತ್ತದೆ. 45 ಲಕ್ಷದೊಳಗಿನ ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ ಮಾತ್ರ ಮುದ್ರಾಂಕ ಶುಲ್ಕ ಕಡಿಮೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಮಾರ್ಗಸೂಚಿ ಬೆಲೆಯಲ್ಲಿ. ನೀವು ಕೊಟ್ಟ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಅಡ್ವಾನ್ಸ್ ಕೊಡುವ ಮೊದಲೇ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆ ಬೀದಿಯ ಬೆಲೆ ನೋಡಿ, ಇ-ಖಾತಾ ಇದೆಯೇ ಎಂದೂ ನೋಡಿ. ಇ-ಖಾತಾ ಇಲ್ಲದೆ ನೋಂದಣಿ ನಡೆಯದು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ 1% ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಮಾರುವವರ ಪ್ಯಾನ್‌ಗೆ ಕಟ್ಟಬೇಕು. ಅದು ಮಾರುವವರ ಹಣದಲ್ಲಿ ಕಳೆಯುವುದು, ನಿಮ್ಮ ಖರ್ಚಲ್ಲ. ಆದರೆ ಹಿಡಿಯದಿದ್ದರೆ ನೋಟಿಸ್ ಬರುವುದು ನಿಮಗೆ.

ಮನೆ ಕಂದಾಯ ರಾಜ್ಯ ಸರ್ಕಾರಕ್ಕೆ ಹೋಗುತ್ತಾ?

ಹೋಗುವುದಿಲ್ಲ. ಅದು ಗ್ರಾಮ ಪಂಚಾಯಿತಿ, ಪುರಸಭೆ ಅಥವಾ ಮಹಾನಗರ ಪಾಲಿಕೆಯದ್ದು. ಬೀದಿ ದೀಪ, ಚರಂಡಿ ಸರಿಯಿಲ್ಲದಿದ್ದರೆ ಬಜೆಟ್ ಪುಸ್ತಕ ತೆರೆಯುವ ಬದಲು ಸ್ಥಳೀಯ ಸಂಸ್ಥೆಯ ಆಯವ್ಯಯ ಕೇಳಿ. ನಗರಗಳಲ್ಲಿ ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದವರಿಗೆ 5% ರಿಯಾಯಿತಿ ಇರುತ್ತದೆ.

ಮನೆ ಮುಂದೆಯೇ ಅಂಗಡಿ ಇದೆ. ಗೃಹಜ್ಯೋತಿ ಅದಕ್ಕೂ ಸಿಗುತ್ತಾ?

ಸಿಗುವುದಿಲ್ಲ, ಅದು ಗೃಹಬಳಕೆಯ ಮೀಟರಿಗೆ ಮಾತ್ರ. ಅಂಗಡಿಗೆ ಮನೆಯ ಮೀಟರಿನಿಂದ ಲೈನ್ ಎಳೆದರೆ ಎರಡು ತೊಂದರೆ. ತಪಾಸಣೆಯಲ್ಲಿ ಸಿಕ್ಕರೆ ವಾಣಿಜ್ಯ ದರದಲ್ಲಿ ಹಿಂದಿನ ತಿಂಗಳುಗಳ ಬಿಲ್ಲೂ ದಂಡವೂ ಬರುತ್ತವೆ. ಸಿಗದಿದ್ದರೂ ಅಂಗಡಿಯ ಫ್ರಿಜ್ ಸೇರಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಇನ್ನೊಂದು ಮಾತು: ಯೂನಿಟ್ ದರ ನಿಗದಿ ಮಾಡುವುದು ಬಜೆಟ್ ಅಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ದರ ಏರಿಕೆಗೆ ಆಕ್ಷೇಪ ಸಲ್ಲಿಸಬೇಕಾದದ್ದೂ ಅಲ್ಲಿಗೇ.

## ಸಣ್ಣ ವ್ಯಾಪಾರ

ಎಷ್ಟು ವ್ಯಾಪಾರ ಆದರೆ ಜಿಎಸ್‌ಟಿ ಮಾಡಿಸಲೇಬೇಕು?

ಸರಕು ಮಾತ್ರ ಮಾರುವವರಿಗೆ ಆರ್ಥಿಕ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಇದರಾಚೆ.

ಹೋಟೆಲ್, ಕ್ಯಾಂಟೀನ್‌ನಲ್ಲಿ ಊಟ ತಿಂಡಿ ಕೊಡುವುದು ಕಾನೂನಿನ ಲೆಕ್ಕದಲ್ಲಿ ಸೇವೆ, ಮಿತಿ 20 ಲಕ್ಷ. ಬಿಡಿಭಾಗ ಮಾರುವುದರ ಜೊತೆ ರಿಪೇರಿಯನ್ನೂ ಮಾಡುವ ಮೊಬೈಲ್ ಅಂಗಡಿಗೂ 20 ಲಕ್ಷವೇ. ಬೀಡಿ, ಸಿಗರೇಟು, ಪಾನ್ ಮಸಾಲಾ, ಐಸ್‌ಕ್ರೀಂ ಮಾರುವವರಿಗೆ 40 ಲಕ್ಷದ ಸೌಲಭ್ಯವೇ ಇಲ್ಲ. ಪೆಟ್ಟಿಗೆ ಅಂಗಡಿಯವರು, ಬೇಕರಿಯವರು ಇದನ್ನು ತಿಳಿದಿರುವುದೇ ಅಪರೂಪ.

ಒಟ್ಟು ವಹಿವಾಟು ಎಂದರೆ ತೆರಿಗೆ ಇಲ್ಲದ ಸರಕೂ ಸೇರಿದ್ದು. 33 ಲಕ್ಷದ ಹಾಲು, ತರಕಾರಿ, 9 ಲಕ್ಷದ ಬಿಸ್ಕತ್ತು ಮಾರಿದರೆ ವಹಿವಾಟು 42 ಲಕ್ಷ, ನೋಂದಣಿ ಬೇಕು. ತೆರಿಗೆ ಮಾತ್ರ 9 ಲಕ್ಷದ ಮೇಲೆ. ಬರೀ ಹಾಲು, ಬರೀ ತಾಜಾ ಹಣ್ಣು ತರಕಾರಿ ಮಾರುವವರಿಗೆ ವಹಿವಾಟು ಕೋಟಿ ದಾಟಿದರೂ ನೋಂದಣಿ ಬೇಡ. ಒಂದೇ ಪ್ಯಾನ್‌ನಲ್ಲಿ ಎರಡು ಅಂಗಡಿ ಇದ್ದರೆ ಎರಡನ್ನೂ ಕೂಡಿಸಬೇಕು.

ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಿ. ಸರ್ಕಾರಿ ಶುಲ್ಕ ಏನೂ ಇಲ್ಲ. ಪ್ಯಾನ್, ಆಧಾರ್, ಫೋಟೋ, ಅಂಗಡಿಯ ಬಾಡಿಗೆ ಕರಾರು ಮತ್ತು ಕರೆಂಟ್ ಬಿಲ್ ಬೇಕು. ಬಿಲ್ಲಿನಲ್ಲಿರುವ ವಿಳಾಸಕ್ಕೂ ಕರಾರಿನಲ್ಲಿರುವ ವಿಳಾಸಕ್ಕೂ ಹೊಂದಿಕೆಯಾಗದೆ ಅರ್ಜಿ ವಾಪಸ್ ಬರುವುದು ಮಾಮೂಲಿ. ಬಂದ ಸಂಖ್ಯೆ 29ರಿಂದ ಶುರುವಾದರೆ ಅದು ಕರ್ನಾಟಕದ್ದು.

ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದೆ. ಅಷ್ಟೂ ತೆರಿಗೆ ಕಟ್ಟಬೇಕಾ?

ನೋಟಿಸ್ ಎಂದರೆ ಕೇಳಿಕೆ, ಅಂತಿಮ ಆದೇಶವಲ್ಲ. 2025ರ ಜುಲೈನಲ್ಲಿ ಸಾವಿರಾರು ಅಂಗಡಿಗಳಿಗೆ ಇಂಥ ನೋಟಿಸ್ ಹೋದಾಗ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ವರ್ತಕರಿಗೆ ಹೇಳಿದ್ದರು. ಅದನ್ನು ನಂಬಿಕೊಂಡು ನಿಮ್ಮ ಹೆಸರಿಗೆ ಬಂದ ಕಾಗದಕ್ಕೆ ಉತ್ತರ ಕೊಡದೆ ಕೂರಬೇಡಿ.

ಮೊದಲು ನೋಟಿಸ್ ಅಸಲಿಯೇ ಎಂದು ಅದರ ಉಲ್ಲೇಖ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿ ನೋಡಿ. ಆಮೇಲೆ ಆ ವರ್ಷದ ಬ್ಯಾಂಕ್ ಹೇಳಿಕೆ ತೆಗೆದು ಪ್ರತಿ ಜಮೆಯನ್ನೂ ಮೂರು ಪಟ್ಟಿಗೆ ಹಾಕಿ: ತೆರಿಗೆ ಇರುವ ಸರಕಿನ ಮಾರಾಟ, ತೆರಿಗೆ ಇಲ್ಲದ ಸರಕಿನ ಮಾರಾಟ, ಮಾರಾಟವೇ ಅಲ್ಲದ ಹಣ. ಮೂರನೆಯದರಲ್ಲಿ ಕೈಸಾಲ, ಮಗ ಕಳಿಸಿದ ದುಡ್ಡು, ಚೀಟಿ ಹಣ, ನಿಮ್ಮದೇ ಇನ್ನೊಂದು ಖಾತೆಯಿಂದ ಬಂದದ್ದು ಎಲ್ಲ ಬರುತ್ತವೆ. ಇದರ ಮೇಲೆ ಜಿಎಸ್‌ಟಿ ಇಲ್ಲ, ಆದರೆ ತೋರಿಸುವ ಹೊಣೆ ನಿಮ್ಮದು. ಹಾಲಿನ ಡೇರಿಯ ಬಿಲ್, ಎಪಿಎಂಸಿ ಚೀಟಿ, ಸಗಟು ಅಂಗಡಿಯ ರಸೀದಿ ಲಗತ್ತಿಸಿ ಗಡುವಿನೊಳಗೆ ಲಿಖಿತ ಉತ್ತರ ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ವಿವರಣೆ ಕಡತಕ್ಕೆ ಸೇರುವುದಿಲ್ಲ.

2024-25ರಿಂದೀಚಿನ ವರ್ಷಗಳಿಗೆ ಜಿಎಸ್‌ಟಿ ಕಾಯ್ದೆಯ 74ಎ ಕಲಂ ಅನ್ವಯ. ವಂಚನೆಯ ಆರೋಪವಿಲ್ಲದ ಪ್ರಕರಣದಲ್ಲಿ ನೋಟಿಸ್ ಬಂದ 60 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದರೆ ದಂಡ ಇಲ್ಲ.

ಕ್ಯೂಆರ್ ಕೋಡ್ ತೆಗೆದುಬಿಟ್ಟರೆ ಆಯ್ತಲ್ಲ?

ತೆರಿಗೆ ಇರುವುದು ಮಾರಾಟದ ಮೇಲೆ, ಹಣ ಬಂದ ದಾರಿಯ ಮೇಲೆ ಅಲ್ಲ. ನಗದು ತೆಗೆದುಕೊಂಡರೂ ಮಿತಿ ಅದೇ. ಗಿರಾಕಿ ಮಾತ್ರ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದರ ಬದಲು ವ್ಯಾಪಾರಕ್ಕೇ ಬೇರೆ ಖಾತೆ ತೆರೆಯಿರಿ.

ಜಿಎಸ್‌ಟಿ ಮಾಡಿಸಿದರೆ ಹೆಂಡತಿಯ ಗೃಹಲಕ್ಷ್ಮಿ ನಿಲ್ಲುತ್ತಾ?

ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಯೋಜನೆಯ ನಿಯಮದ ಪ್ರಕಾರ ಅರ್ಹತೆ ಇಲ್ಲ. ತಿಂಗಳಿಗೆ 2,000, ವರ್ಷಕ್ಕೆ 24,000 ರೂಪಾಯಿ. ಮಿತಿಯೊಳಗೇ ಇರುವ ಸಣ್ಣ ಅಂಗಡಿಯವರು, ‘ಲೋನ್ ಸುಲಭವಾಗಿ ಸಿಗುತ್ತೆ’ ಎಂಬ ಏಜೆಂಟರ ಮಾತಿಗೆ ಸ್ವಇಚ್ಛೆಯಿಂದ ನೋಂದಣಿ ಮಾಡಿಸುವ ಮೊದಲು ಇದನ್ನು ತೂಗಿ ನೋಡಬೇಕು. ಮಿತಿ ದಾಟಿದವರಿಗೆ ಆಯ್ಕೆಯೇ ಇಲ್ಲ. 24,000 ಉಳಿಸಲು ಹೋಗಿ ಲಕ್ಷಗಟ್ಟಲೆ ಬಾಕಿ, 18% ಬಡ್ಡಿ ಹೊತ್ತುಕೊಳ್ಳುವುದು ಲೆಕ್ಕವಲ್ಲ.

ಕಾಂಪೊಸಿಷನ್ ಒಳ್ಳೆಯದಾ, ರೆಗ್ಯುಲರ್ ಒಳ್ಳೆಯದಾ?

ರೆಗ್ಯುಲರ್ ಎಂದರೆ ಗಿರಾಕಿಯಿಂದ ಪಡೆದ ಜಿಎಸ್‌ಟಿಯಲ್ಲಿ ಖರೀದಿಗೆ ಕೊಟ್ಟ ಜಿಎಸ್‌ಟಿ ಕಳೆದು ಮಿಕ್ಕದ್ದನ್ನು ಕಟ್ಟುವುದು. ಕಾಂಪೊಸಿಷನ್ ಎಂದರೆ ಮಾರಾಟದ ಮೇಲೆ ಒಂದು ಸಣ್ಣ ನಿಗದಿತ ದರ ಕಟ್ಟುವ ಸರಳ ಪದ್ಧತಿ. ವಹಿವಾಟು 1.5 ಕೋಟಿಯೊಳಗಿದ್ದರೆ ಕಾಂಪೊಸಿಷನ್ ಆಯ್ಕೆ ಇದೆ. ವರ್ತಕರಿಗೆ 1%. ಇದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ.

ಲೆಕ್ಕ ಹಾಕಿ ನೋಡೋಣ. ತೆರಿಗೆ ಬಿಟ್ಟು 48 ಲಕ್ಷಕ್ಕೆ ಕೊಂಡು 60 ಲಕ್ಷಕ್ಕೆ ಮಾರುವ ಅಂಗಡಿ. ರೆಗ್ಯುಲರ್ ಆದರೆ ಯಾವ ದರವಿದ್ದರೂ ಉಳಿಯುವುದು 12 ಲಕ್ಷ. ಗಿರಾಕಿಗೆ ಅದೇ ಅಂತಿಮ ಬೆಲೆ ಇಟ್ಟು ಕಾಂಪೊಸಿಷನ್‌ನಲ್ಲಿ ಮಾರಿದರೆ ಏನಾಗುತ್ತದೆ? ಸರಕು 18%ದ್ದಾದರೆ ಖರೀದಿ 56.64 ಲಕ್ಷ, ಮಾರಾಟ 70.80 ಲಕ್ಷ, 1% ತೆರಿಗೆ 70,800. ಉಳಿಯುವುದು ಸುಮಾರು 13.45 ಲಕ್ಷ. ಸರಕು 5%ದ್ದಾದರೆ ಖರೀದಿ 50.40 ಲಕ್ಷ, ಮಾರಾಟ 63 ಲಕ್ಷ, ತೆರಿಗೆ 63,000. ಉಳಿಯುವುದು 11.97 ಲಕ್ಷ, ರೆಗ್ಯುಲರ್‌ಗಿಂತ ಒಂದು ಕೂದಲೆಳೆ ಕಡಿಮೆ. ಬಿಸ್ಕತ್ತು, ಕೇಕು, ಸೋಪಿನಂಥವು 2025ರ ಸೆಪ್ಟೆಂಬರ್‌ನಲ್ಲಿ 18%ರಿಂದ 5%ಕ್ಕೆ ಇಳಿದದ್ದರಿಂದ, ಬಹಳ ದಿನಸಿ ಮತ್ತು ಬೇಕರಿ ಅಂಗಡಿಗಳಿಗೆ ಕಾಂಪೊಸಿಷನ್‌ನ ಹಳೆಯ ಲಾಭ ಕರಗಿದೆ. ಈಗ ಉಳಿದಿರುವುದು ಕಾಗದಪತ್ರದ ಹಗುರ. ಮಾರ್ಜಿನ್ ತೆಳುವಾದಷ್ಟೂ ಕಾಂಪೊಸಿಷನ್ ನಷ್ಟ. ಗಿರಾಕಿಗಳು ಜಿಎಸ್‌ಟಿ ಬಿಲ್ ಕೇಳುವ ವರ್ತಕರಾದರೆ ಯೋಚಿಸುವುದೇ ಬೇಡ, ರೆಗ್ಯುಲರ್.

ಹೋಟೆಲಿನವರ ಕಥೆ ಬೇರೆ. ಸಾಮಾನ್ಯ ಹೋಟೆಲಿಗೆ ಎರಡರಲ್ಲೂ 5%, ಎರಡರಲ್ಲೂ ಖರೀದಿ ತೆರಿಗೆ ವಾಪಸಿಲ್ಲ. ಆದರೆ ರೆಗ್ಯುಲರ್‌ನಲ್ಲಿ ಬಿಲ್ಲಿಗೆ ಸೇರಿಸಿ ಗಿರಾಕಿಯಿಂದ ಪಡೆಯಬಹುದು. ಕಾಂಪೊಸಿಷನ್‌ನಲ್ಲಿ ಕೈಯಿಂದ.

ರೆಗ್ಯುಲರ್‌ನಿಂದ ಕಾಂಪೊಸಿಷನ್‌ಗೆ ಬದಲಾಯಿಸುವುದಿದ್ದರೆ ಹೊಸ ಆರ್ಥಿಕ ವರ್ಷಕ್ಕೆ ಮೊದಲು, ಮಾರ್ಚ್ 31ರೊಳಗೆ ಸಿಎಂಪಿ-02 ಅರ್ಜಿ ಸಲ್ಲಿಸಬೇಕು. ಸ್ಟಾಕಿನ ಮೇಲೆ ಪಡೆದಿದ್ದ ತೆರಿಗೆ ಜಮೆಯನ್ನು (ಖರೀದಿಗೆ ಕೊಟ್ಟು ಲೆಕ್ಕದಲ್ಲಿ ವಾಪಸ್ ಪಡೆದ ಜಿಎಸ್‌ಟಿ) ವಾಪಸ್ ಕಟ್ಟಬೇಕಾಗುತ್ತದೆ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಮೂರು ತಿಂಗಳು ವ್ಯಾಪಾರವೇ ಇರಲಿಲ್ಲ. ರಿಟರ್ನ್ ಯಾಕೆ ಹಾಕಬೇಕು?

ಶೂನ್ಯ ರಿಟರ್ನ್ ಕೂಡ ರಿಟರ್ನೇ. ತಡವಾದರೆ ಶೂನ್ಯಕ್ಕೆ ದಿನಕ್ಕೆ 20 ರೂಪಾಯಿ, ವಹಿವಾಟಿದ್ದರೆ 50. ವಹಿವಾಟು 1.5 ಕೋಟಿಯೊಳಗಿನವರಿಗೆ ತೆರಿಗೆ ಲೆಕ್ಕ ತೋರಿಸಿ ಕಟ್ಟುವ ಒಂದು ಜಿಎಸ್‌ಟಿಆರ್-3ಬಿ ರಿಟರ್ನಿಗೆ ಈ ಶುಲ್ಕ 2,000ಕ್ಕೆ, ಶೂನ್ಯ ರಿಟರ್ನಿಗೆ 500ಕ್ಕೆ ನಿಲ್ಲುತ್ತದೆ. ಕಟ್ಟದ ತೆರಿಗೆಗೆ ವರ್ಷಕ್ಕೆ 18% ಬಡ್ಡಿ ಬೇರೆ. ಸತತ ಬಾಕಿಯಾದರೆ ನೋಂದಣಿ ರದ್ದಾಗುತ್ತದೆ, ಮರುಜೀವಕ್ಕೆ ಆದೇಶದಿಂದ 90 ದಿನದೊಳಗೆ ಅರ್ಜಿ ಹಾಕಬೇಕು.

ಕಾಂಪೊಸಿಷನ್‌ನವರು ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18ರೊಳಗೆ ತೆರಿಗೆ ಕಟ್ಟುವ ಸಿಎಂಪಿ-08, ವರ್ಷಕ್ಕೊಮ್ಮೆ ಜೂನ್ 30ರೊಳಗೆ ವಾರ್ಷಿಕ ರಿಟರ್ನ್ ಜಿಎಸ್‌ಟಿಆರ್-4 ಸಲ್ಲಿಸಬೇಕು. 5 ಕೋಟಿಯೊಳಗಿನ ರೆಗ್ಯುಲರ್‌ನವರು ತ್ರೈಮಾಸಿಕ ಪದ್ಧತಿ ಆರಿಸಿಕೊಂಡರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ತ್ರೈಮಾಸಿಕದ ಮುಂದಿನ ತಿಂಗಳ 13ನೇ ತಾರೀಖು, 3ಬಿಗೆ ಕರ್ನಾಟಕದಲ್ಲಿ 22. ತ್ರೈಮಾಸಿಕದ ಮೊದಲ ಎರಡು ತಿಂಗಳ ತೆರಿಗೆಯನ್ನು ಮಾತ್ರ ಆಯಾ ಮುಂದಿನ ತಿಂಗಳ 25ರೊಳಗೆ ಚಲನ್ ಮೂಲಕ ಕಟ್ಟಬೇಕು.

ಅಂಗಡಿ ಮಾಲೀಕರಿಗೆ ಜಿಎಸ್‌ಟಿ ಇಲ್ಲ. ಬಾಡಿಗೆ ಮೇಲೆ ನಾನು ಕಟ್ಟಬೇಕಂತೆ, ನಿಜವಾ?

ನೀವು ರೆಗ್ಯುಲರ್ ಆಗಿದ್ದರೆ ನಿಜ. ನೋಂದಣಿ ಇಲ್ಲದವರಿಂದ ವಾಣಿಜ್ಯ ಕಟ್ಟಡ ಬಾಡಿಗೆಗೆ ಪಡೆದರೆ 2024ರ ಅಕ್ಟೋಬರ್ 10ರಿಂದ 18% ತೆರಿಗೆಯನ್ನು ಬಾಡಿಗೆದಾರರೇ ನಗದಾಗಿ ಕಟ್ಟಬೇಕು. 15,000 ಬಾಡಿಗೆಗೆ 2,700. ಕಟ್ಟಿದ ಮೇಲೆ ಅದನ್ನೇ ತೆರಿಗೆ ಜಮೆಯಾಗಿ ಪಡೆದು ಮಾರಾಟದ ತೆರಿಗೆಗೆ ಹೊಂದಿಸಬಹುದು. ಕಾಂಪೊಸಿಷನ್‌ನವರನ್ನು 2025ರ ಜನವರಿಯಲ್ಲಿ ಇದರಿಂದ ಕೈಬಿಟ್ಟರು. ನಷ್ಟ ಆಗುವುದು ಹೋಟೆಲಿನವರಿಗೆ: ಅವರಿಗೆ ಜಮೆ ಸಿಗುವುದಿಲ್ಲ, 18% ಪೂರ್ತಿ ಖರ್ಚು.

## ಬಜೆಟ್ ಆಳಕ್ಕೆ ಇಳಿಯುವವರಿಗೆ

ಡೀಸೆಲ್ ತೆರಿಗೆ ಏರಿದರೆ ಲಾರಿ ಇಲ್ಲದ ನನಗೇನು?

ಸರಕು ಸಾಗಣೆಯ ಬಾಡಿಗೆಯಲ್ಲಿ ಅದು ನಿಮ್ಮ ಅಂಗಡಿಗೂ ಬರುತ್ತದೆ. ಕರ್ನಾಟಕದಲ್ಲಿ ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ 14.34%ರಿಂದ 18.44%ಕ್ಕೆ, 2025ರ ಏಪ್ರಿಲ್ 1ರಿಂದ 21.17%ಕ್ಕೆ ಏರಿತು. ಪೆಟ್ರೋಲ್ ಮೇಲಿನದು 2024ರ ಜೂನ್‌ನಲ್ಲೇ 25.92%ರಿಂದ 29.84%ಕ್ಕೆ ಹೋಯಿತು. ಜೂನ್‌ನಲ್ಲಿ ಯಾವ ಬಜೆಟ್ಟೂ ಇರಲಿಲ್ಲ, ಅಧಿಸೂಚನೆ ಸಾಕಾಯಿತು. ಇಂಧನ ಜಿಎಸ್‌ಟಿಯ ಹೊರಗಿರುವುದರಿಂದ ಈ ತೆರಿಗೆಗೆ ಜಮೆ ಸಿಗುವುದಿಲ್ಲ. ಜನರೇಟರಿಗೆ ಹಾಕಿದ ಡೀಸೆಲ್ಲಿಗೂ ಇದೇ ಗತಿ.

ರಾಜಸ್ವ ಕೊರತೆ, ವಿತ್ತೀಯ ಕೊರತೆ ಅಂದರೇನು? ನನಗೆ ಹೇಗೆ ತಟ್ಟುತ್ತೆ?

ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ನಿತ್ಯದ ಖರ್ಚಿಗೇ ಆದಾಯ ಸಾಲದಿದ್ದರೆ ರಾಜಸ್ವ ಕೊರತೆ. 2025-26ರ ಅಂದಾಜು 19,262 ಕೋಟಿ. ರಸ್ತೆ, ನೀರಾವರಿಯಂಥ ಬಂಡವಾಳ ವೆಚ್ಚವೂ ಸೇರಿ, ಹಳೆಯ ಸಾಲದ ಅಸಲು ತೀರಿಸುವುದನ್ನು ಬಿಟ್ಟು, ಸಾಲದಿಂದ ತುಂಬಬೇಕಾದ ಅಂತರ ವಿತ್ತೀಯ ಕೊರತೆ, 90,428 ಕೋಟಿ. ರಾಜ್ಯದ ಒಟ್ಟು ಉತ್ಪನ್ನದ 2.95%. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ, 2002 ಇಟ್ಟಿರುವ ಮಿತಿ 3%. ರಾಜ್ಯದ ಒಟ್ಟು ಸಾಲದ ಹೊಣೆ ಆ ಉತ್ಪನ್ನದ 25% ಮೀರಬಾರದು, ಅದು 24.91%ರಲ್ಲಿದೆ.

ಎರಡೂ ಗೆರೆಗಳಿಗೆ ಇಷ್ಟು ಹತ್ತಿರ ನಿಂತ ಸರ್ಕಾರಕ್ಕೆ ಹೊಸ ಸಾಲದ ಜಾಗ ಕಡಿಮೆ. ಗ್ಯಾರಂಟಿ ಯೋಜನೆಗಳಿಗೆ ಆ ವರ್ಷ ಇಟ್ಟ 51,034 ಕೋಟಿಯನ್ನು ಮಧ್ಯದಲ್ಲಿ ಕತ್ತರಿಸುವುದು ರಾಜಕೀಯವಾಗಿ ಕಷ್ಟ. ಆಗ ಒತ್ತಡ ಬೀಳುವುದು ಕಾಮಗಾರಿಗಳ ಮೇಲೆ ಮತ್ತು ರಾಜ್ಯದ ಕೈಯಲ್ಲಿರುವ ಶುಲ್ಕಗಳ ಮೇಲೆ. ಸರ್ಕಾರಿ ಕಾಮಗಾರಿಗೆ ಜಲ್ಲಿ, ಕಬ್ಬಿಣ ಸಾಲಕ್ಕೆ ಕೊಡುವವರು ಗುತ್ತಿಗೆದಾರರ ಬಿಲ್ ತಡವಾಗಬಹುದೆಂದು ಎಣಿಸಿಯೇ ಗಡುವು ಹಾಕಬೇಕು.

ನಮ್ಮ ತೆರಿಗೆ ದೆಹಲಿಗೆ ಹೋಗಿ ಕಡಿಮೆ ವಾಪಸ್ ಬರುತ್ತೆ ಅಂತಾರೆ. ಲೆಕ್ಕ ಏನು?

ಕೇಂದ್ರ ತೆರಿಗೆಗಳ ವಿಭಾಜ್ಯ ನಿಧಿಯಲ್ಲಿ, ಅಂದರೆ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಹಣದಲ್ಲಿ, 41% ರಾಜ್ಯಗಳಿಗೆ ಎಂದು 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಹೇಳಿತ್ತು. ಅದರೊಳಗೆ ಕರ್ನಾಟಕದ ಪಾಲು 14ನೇ ಆಯೋಗದ ಕಾಲದ 4.713%ರಿಂದ 3.647%ಕ್ಕೆ ಇಳಿಯಿತು. ತಲಾ ಆದಾಯ ಹೆಚ್ಚಿರುವ ರಾಜ್ಯಕ್ಕೆ ಸೂತ್ರದಲ್ಲಿ ಅಂಕ ಕಡಿಮೆ, ಇಳಿಕೆಗೆ ಮುಖ್ಯ ಕಾರಣ ಅದು. ಕೇಂದ್ರ ವಿಧಿಸುವ ಸೆಸ್, ಸರ್‌ಚಾರ್ಜ್ ವಿಭಾಜ್ಯ ನಿಧಿಗೇ ಸೇರುವುದಿಲ್ಲ.

ಬಜೆಟ್ ಪುಸ್ತಕದಲ್ಲಿ ನನ್ನ ಊರಿಗೆ, ನನ್ನ ಉದ್ಯಮಕ್ಕೆ ಸಂಬಂಧಿಸಿದ್ದು ಎಲ್ಲಿ?

ಭಾಷಣ ಬಿಟ್ಟು ಇಲಾಖಾವಾರು ಬೇಡಿಕೆಗಳ ಸಂಪುಟ ತೆರೆಯಿರಿ, ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತದೆ. ಸಣ್ಣ ಉದ್ಯಮಕ್ಕೆ ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆಯ ಬೇಡಿಕೆ ನೋಡಿ. ಪ್ರತಿ ಸಾಲಿನ ಮುಂದೆ ಹಿಂದಿನ ಲೆಕ್ಕ, ಕಳೆದ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ಹೊಸ ಅಂದಾಜು ಎಂಬ ಅಂಕಣಗಳಿರುತ್ತವೆ. ಹೊಸ ಅಂದಾಜು ದೊಡ್ಡದಾಗಿದ್ದು ಹಿಂದಿನ ಲೆಕ್ಕ ಸಣ್ಣದಾಗಿದ್ದರೆ, ಆ ಯೋಜನೆಯಲ್ಲಿ ಹಣ ಇಟ್ಟರೂ ಖರ್ಚಾಗುತ್ತಿಲ್ಲ ಎಂದರ್ಥ. ಅಂಥದ್ದನ್ನು ನೆಚ್ಚಿ ಸಾಲ ಮಾಡಿ ಯಂತ್ರ ಕೊಳ್ಳಬೇಡಿ.

ಜಿಎಸ್‌ಟಿಗೆ ಮೊದಲಿದ್ದ ವ್ಯಾಟ್ (ಮಾರಾಟ ತೆರಿಗೆ) ಕಾಲದ ಹಳೆಯ ಬಾಕಿ ಇರುವವರು ಭಾಷಣದ ಕೊನೆಯಲ್ಲಿ ಬರುವ ವಾಣಿಜ್ಯ ತೆರಿಗೆ ಭಾಗವನ್ನು ತಪ್ಪದೆ ಓದಿ. ಅಸಲು ತೆರಿಗೆ ಪೂರ್ತಿ ಕಟ್ಟಿದರೆ ಬಡ್ಡಿ, ದಂಡ ಮನ್ನಾ ಮಾಡುವ ಕರಸಮಾಧಾನ ಯೋಜನೆಗಳು ಹಲವು ಸಲ ಬಂದಿವೆ. ಕೊನೆಯ ದಿನಾಂಕ ಸರ್ಕಾರಿ ಆದೇಶದಲ್ಲಿರುತ್ತದೆ. ಮೇಲ್ಮನವಿ ಹಾಕಿದವರು ಅದನ್ನು ಹಿಂಪಡೆಯದೆ ಇದರ ಪ್ರಯೋಜನ ಪಡೆಯಲಾಗದು.